ಕಾಲು ಸುತ್ತಿಗೆ ಪೈ ಬೈ ಟೂ ಯಾಕೆ? ಪೈ ಪಕ್ಕದಲ್ಲಿ ಟೌ ಹೇಳ್ಕೊಟ್ರೆ ಮಕ್ಕಳಿಗೆ ಕನ್ಫ್ಯೂಸ್ ಆಗುತ್ತಾ?

ಕೋಲಾರ_ಟ್ಯೂಷನ್_ಮಿಸ್:
ಎಲ್ರಿಗೂ ನಮಸ್ಕಾರ. ಕೋಲಾರದಲ್ಲಿ ಮನೆಲೇ ಫಸ್ಟ್ ಪಿಯುಸಿ ಮಕ್ಕಳಿಗೆ ಸಂಜೆ ಹೊತ್ತು ಮ್ಯಾಥ್ಸ್ ಟ್ಯೂಷನ್ ಮಾಡ್ತೀನಿ. ಈ ವಾರ ರೇಡಿಯನ್ ಶುರು ಮಾಡಿದ್ವಿ, ಅಂದ್ರೆ ಡಿಗ್ರಿ ಬದಲು ಕೋನ ಅಳೆಯೋ ಇನ್ನೊಂದು ಮಾನ, ಅದರಲ್ಲಿ ಇಡೀ ಸುತ್ತು ಎರಡು ಪೈ. ಒಬ್ಬಳು ಹುಡುಗಿ ಕೇಳಿದ್ಲು, ಮಿಸ್ ಕಾಲು ಸುತ್ತಿಗೆ ಪೈ ಬೈ ಟೂ ಅಂತೀರ, ಕಾಲು ಅಂದ್ಮೇಲೆ ಪೈ ಬೈ ಫೋರ್ ಆಗ್ಬೇಕಲ್ವಾ ಅಂತ. ನಾನು ಡೆಫಿನಿಷನ್ನೇ ಹಂಗಿದೆ ಕಣಮ್ಮಾ ಅಂದ್ಬಿಟ್ಟೆ. ಆಮೇಲೆ ರಾತ್ರಿಯೆಲ್ಲಾ ಅದೇ ತಲೆಲಿ ಕೊರೀತಿತ್ತು, ಅವಳು ಕೇಳಿದ್ರಲ್ಲಿ ತಪ್ಪೇನಿದೆ?

ಹುಡುಕಿ ನೋಡಿದ್ರೆ ಇದು ದೊಡ್ಡವರ ಜಗಳಾನೇ. 2001ರಲ್ಲಿ ಬಾಬ್ ಪಲೈಸ್ ಅನ್ನೋ ಅಮೆರಿಕದ ಗಣಿತಜ್ಞ ಪೈ ಆರಿಸಿಕೊಂಡಿದ್ದೇ ತಪ್ಪು ಅಂತ ಲೇಖನ ಬರೆದ್ರಂತೆ, 2010ರಲ್ಲಿ ಮೈಕೆಲ್ ಹಾರ್ಟ್ಲ್ ಅದನ್ನ ಮುಂದುವರೆಸಿ ಎರಡು ಪೈಗೆ ಟೌ ಅಂತ ಅಕ್ಷರ ಇಟ್ರು, ಅಂದ್ರೆ 6.2831... ಸುತ್ತಳತೆಯನ್ನ ವ್ಯಾಸದಿಂದ ಅಲ್ಲ, ತ್ರಿಜ್ಯದಿಂದ ಭಾಗಿಸೋದು. ಆಗ ಇಡೀ ಸುತ್ತು ಟೌ, ಅರ್ಧ ಸುತ್ತು ಅರ್ಧ ಟೌ, ಕಾಲು ಸುತ್ತು ಕಾಲು ಟೌ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೂ 3.6ನೇ ಆವೃತ್ತಿಯಿಂದ ಟೌ ಇದೆ. ನನಗಂತೂ ಇದೇ ಸರಿ ಅನ್ನಿಸ್ತಿದೆ, ಆದ್ರೆ ಪರೀಕ್ಷೆ ಬರೆಯೋ ಮಕ್ಕಳು, ಹೇಳ್ಕೊಡ್ಲಾ ಬೇಡ್ವಾ?

ಫ್ಯಾಬ್ರಿಕೇಶನ್_ತುಮಕೂರು:
ಮೇಡಂ ನಾನು ಓದಿರೋದು ಐಟಿಐ, ಇಪ್ಪತ್ತು ವರ್ಷದಿಂದ ಶೀಟ್ ಬೆಂಡ್ ಮಾಡೋ ಕೆಲಸ. ನಮಗೆ ವ್ಯಾಸಾನೇ ಬೇಕು. ಪಾರ್ಟಿ ಬಂದು 24 ಇಂಚ್ ಡಯಾ ಡ್ರಮ್ ಬೇಕು ಅಂತಾನೆ, ನಾವು 24ಕ್ಕೆ ಶೀಟಿನ ದಪ್ಪ ಕೂಡಿಸಿ ಪೈಯಿಂದ ಗುಣಿಸಿ ಶೀಟ್ ಕಟ್ ಮಾಡ್ತೀವಿ, ಒಳಗಿನ ಡಯಾ ಬರೀ 24 ಇಟ್ಕೊಂಡು 75.4 ಇಂಚ್ ಕಟ್ ಮಾಡಿದ್ರೆ ರೋಲ್ ಆದ್ಮೇಲೆ ಟೈಟ್ ಬರುತ್ತೆ, ಮೊದಮೊದಲು ಒಂದು ಶೀಟ್ ಹಂಗೇ ವೇಸ್ಟ್ ಮಾಡಿದೀನಿ. ಪೈಪ್ ಆಗ್ಲಿ ರಾಡ್ ಆಗ್ಲಿ ವರ್ನಿಯರ್ ಕಚ್ಚಿಸಿದ್ರೆ ಸಿಗೋದು ಡಯಾ. ತ್ರಿಜ್ಯ ಅಳೀಬೇಕಂದ್ರೆ ಸೆಂಟರ್ ಬೇಕು, ಟೊಳ್ಳು ಪೈಪಲ್ಲಿ ಸೆಂಟರ್ ಎಲ್ಲೈತೆ? ಅಲ್ಲಿರೋದು ಗಾಳಿ. ಪೈ ತಪ್ಪು ಅನ್ನೋ ಮಾತು ನಾನಂತೂ ಒಪ್ಪಲ್ಲ.

ಚಿಂತಾಮಣಿ_ಫಿಸಿಕ್ಸ್:
ಅಣ್ಣ ಹೇಳಿದ್ದು ನಿಜ, ಅಳೆಯೋಕೆ ವ್ಯಾಸ. ಆದ್ರೆ ವೃತ್ತ ಎಳೆಯೋಕೆ? ಕೈವಾರದಲ್ಲಿ ನಾವು ಬಿಡಿಸೋದು ತ್ರಿಜ್ಯ, ಮಧ್ಯದಿಂದ ಸಮದೂರ ಅನ್ನೋದೇ ವೃತ್ತದ ಅರ್ಥ. ರೇಡಿಯನ್ ಅಂದ್ರೂ ಕಂಸವನ್ನ ತ್ರಿಜ್ಯದಿಂದ ಭಾಗಿಸಿದ್ದು, ಅದಕ್ಕೇ ಕೋನ ಬಂದ ಕಡೆಯೆಲ್ಲಾ ಪೈ ಜೊತೆಗೇ ಆ 2 ಬರೋದು.

ಟೌ ಬೇಡ ಅನ್ನೋರು ವಿಸ್ತೀರ್ಣ ತೋರಿಸ್ತಾರೆ, ಪೈ ಆರ್ ಸ್ಕ್ವೇರ್ ಎಷ್ಟು ಚೆನ್ನಾಗಿದೆ, ಟೌ ಹಾಕಿದ್ರೆ ಮುಂದೆ ಅರ್ಧ ಬರುತ್ತಲ್ಲ ಅಂತ. ನನ್ನ ಪ್ರಕಾರ ಆ ಅರ್ಧ ಇರ್ಲೇಬೇಕು. ಈರುಳ್ಳಿ ಅಡ್ಡಕ್ಕೆ ಕುಯ್ದು ಬಿಲ್ಲೆ ಮಾಡಿ, ಒಂದು ಬಿಲ್ಲೆಯ ಉಂಗುರಗಳನ್ನೆಲ್ಲಾ ಒಂದೊಂದು ಕಡೆ ಕತ್ತರಿಸಿ ಉದ್ದಕ್ಕೆ ಬಿಡಿಸಿ, ದೊಡ್ಡದು ಕೆಳಗೆ ಚಿಕ್ಕದು ಮೇಲೆ ಜೋಡಿಸಿ ನೋಡಿ, ತ್ರಿಕೋನ ಆಗುತ್ತೆ. ಪಾದ ಸುತ್ತಳತೆ, ಎತ್ತರ ತ್ರಿಜ್ಯ. ತ್ರಿಕೋನದ ವಿಸ್ತೀರ್ಣಕ್ಕೆ ಅರ್ಧ ಬರ್ಲೇಬೇಕಲ್ಲ. ಆರ್ಕಿಮಿಡೀಸ್ ವೃತ್ತದ ವಿಸ್ತೀರ್ಣ ಹೇಳಿದ್ದೂ ಇದೇ ತ್ರಿಕೋನದ ಲೆಕ್ಕದಲ್ಲಿ. ಬೀಳೋ ಕಲ್ಲಿನ ಅರ್ಧ ಜಿ ಟಿ ಸ್ಕ್ವೇರ್, ಚಲಿಸೋ ವಸ್ತುವಿನ ಶಕ್ತಿಯ ಅರ್ಧ ಎಂ ವಿ ಸ್ಕ್ವೇರ್, ಎಲ್ಲಾ ಇದೇ ಮನೆತನ. ಪೈ ಒಳಗೆ ಆ ಅರ್ಧ ಅಡಗಿ ಕೂತಿದೆ, ಮಕ್ಕಳಿಗೆ ಕಾಣಲ್ಲ.

ಗೌರಿಬಿದನೂರು_ಓದುಗ:
ಪೈ ಏನು ಆಕಾಶದಿಂದ ಇಳಿದಿದ್ದಲ್ಲ, 1706ರಲ್ಲಿ ವಿಲಿಯಂ ಜೋನ್ಸ್ ಆ ಅಕ್ಷರನ ಈ ಅರ್ಥದಲ್ಲಿ ಬಳಸಿದ್ರು, ಗಣಿತಜ್ಞ ಆಯ್ಲರ್ ಕೈಗೆ ಬಂದ್ಮೇಲೆ ಎಲ್ಲಾ ಕಡೆ ಹರಡ್ತು. ನಮ್ಮ ಆರ್ಯಭಟ 499ರಲ್ಲೇ ಹೇಳಿದ್ದು ನೋಡಿ, ನೂರಕ್ಕೆ ನಾಲ್ಕು ಸೇರಿಸಿ ಎಂಟರಿಂದ ಗುಣಿಸಿ 62,000 ಕೂಡಿಸು, 20,000 ವ್ಯಾಸದ ವೃತ್ತಕ್ಕೆ ಅದು ಆಸನ್ನ ಅಂದ್ರೆ ಹತ್ತಿರದ ಸುತ್ತಳತೆ. ಬರೋದು 62,832. ಅವರು ಹೇಳಿದ್ದು ವ್ಯಾಸಾನೇ, ಆದ್ರೆ ಅಂಕಿ ನೋಡಿದ್ರೆ ಟೌ ಕಣ್ಣಿಗೆ ಕಾಣುತ್ತೆ, ತ್ರಿಜ್ಯ 10,000 ಅಲ್ವಾ. ನನಗೆ ಇದು ಬಹಳ ಸಂತೋಷ ಕೊಡೋ ವಿಷಯ.

ಆದ್ರೂ ಮಿಸ್, ಪೈ ಪೂರ್ತಿ ಬಿಡೋಕಾಗಲ್ಲ. ತ್ರಿಕೋನದ ಮೂರೂ ಕೋನ ಕೂಡಿದ್ರೆ ಬರೀ ಪೈ, ಅಂದ್ರೆ 180 ಡಿಗ್ರಿ. ಬೋರ್ಡ್ ಎಕ್ಸಾಮಲ್ಲಿ ಟೌ ಅಂತ ಬರೆದ್ರೆ ಮಾರ್ಕ್ಸ್ ಹೋಗುತ್ತೆ, ಮಗು ಕಷ್ಟಪಟ್ಟಿದ್ದು ದಂಡ.

ಕೋಲಾರ_ಟ್ಯೂಷನ್_ಮಿಸ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಊಟದ ತಟ್ಟೆ ಪೇಪರ್ ಮೇಲೆ ಬೋರಲು ಹಾಕಿ ಗೆರೆ ಎಳೆದು ಕತ್ತರಿಸಿದ್ವಿ. ತುಮಕೂರಿನ ಅಣ್ಣ ಹೇಳಿದಂಗೇ ಸೆಂಟರ್ ಎಲ್ಲಿ ಅಂತಾನೇ ಗೊತ್ತಾಗ್ಲಿಲ್ಲ, ಪೇಪರ್ ಎರಡು ಸಲ ಮಡಚಿದ್ಮೇಲೆ ಸಿಕ್ತು. 14 ಸೆಂಟಿಮೀಟರ್ ತ್ರಿಜ್ಯ. ಅಷ್ಟುದ್ದದ ನೂಲು ಅಂಚಿನ ಮೇಲೆ ಇಡ್ತಾ ಹೋದ್ವಿ, ಆರು ಸಲ ಪೂರ್ತಿ, ಆಮೇಲೆ ಕಾಲು ನೂಲು, ಮೇಲೆ ಒಂದು ಚೂರು. ಆರೂಕಾಲಿಗಿಂತ ಸ್ವಲ್ಪ ಜಾಸ್ತಿ ಮಿಸ್ ಅಂತ ಅವಳೇ ಹೇಳಿದ್ಲು, ಕಾಲು ಸುತ್ತು ಅಂದ್ರೆ ಇದರಲ್ಲಿ ಕಾಲು ಭಾಗ ಅಷ್ಟೇನಾ ಅಂದ್ಲು. ಹೌದು ಅಂದೆ. ಎಕ್ಸಾಮಲ್ಲಿ ಪೈ ಬೈ ಟೂ ಅಂತಾನೇ ಬರೀಬೇಕು ಅಂತಲೂ ಹೇಳಿದೆ. ನೋಟ್‌ಬುಕ್‌ನಲ್ಲಿ ಹಂಗೇ ಬರೆದು ಪಕ್ಕದಲ್ಲಿ ಪೆನ್ಸಿಲಲ್ಲಿ ಟೌ ಬೈ ಫೋರ್ ಅಂತ ಬರ್ಕೊಂಡಿದಾಳೆ.