ಅಮ್ಮನಿಗೆ ವ್ಯಾಯಾಮ ಕಲಿಸಿದ ರಿಚರ್ಡ್ ಸಿಮನ್ಸ್ ಬರೀ ಜೋಕರಾ?

ತುಮಕೂರು_ಜೆರ್ಸಿ ಕೇಳಿದ್ದು:

1996ರ ಡಿಸೆಂಬರ್. ನನ್ನ ಬಾಣಂತನಕ್ಕೆ ಅಮ್ಮ ತುಮಕೂರಿನಿಂದ ನ್ಯೂಜೆರ್ಸಿಗೆ ಬಂದಿದ್ದರು. ಊರಲ್ಲಿ ದಿನಾ ಬೆಳಗ್ಗೆ ದೇವಸ್ಥಾನದ ತನಕ ನಡೆದು ಅಭ್ಯಾಸ. ಇಲ್ಲಿ ಹೊರಗೆ ಕಾಲಿಟ್ಟರೆ ಹಿಮ. ಕೂತು ಕೂತು ಕಾಲು ಊದಿಕೊಂಡಿತ್ತು. ಎದುರು ಮನೆಯ ಅಜ್ಜಿ ಒಂದು ವಿಡಿಯೋ ಕ್ಯಾಸೆಟ್ ತಂದುಕೊಟ್ಟರು. ಸ್ವೆಟಿಂಗ್ ಟು ದಿ ಓಲ್ಡೀಸ್, ಹಳೇ ಹಾಡುಗಳಿಗೆ ಕುಣಿಯುತ್ತಾ ಮಾಡುವ ವ್ಯಾಯಾಮದ ಕ್ಯಾಸೆಟ್.

ಟಿವಿಯಲ್ಲಿ ಗುಂಗುರು ಕೂದಲಿನ ಒಬ್ಬ ಗಂಡಸು, ಅವರೇ ರಿಚರ್ಡ್ ಸಿಮನ್ಸ್. ತುಂಡು ಚಡ್ಡಿ, ಬನಿಯನ್. ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಅವರ ಕಣ್ಣೆಲ್ಲ ಹಿಂದೆ ಕುಣಿಯುತ್ತಿದ್ದವರ ಮೇಲೆ. "ಇವರೂ ನನ್ನ ಹಾಗೇ ದಪ್ಪ ಇದ್ದಾರಲ್ಲೇ" ಅಂದರು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸೋಫಾದ ಬೆನ್ನು ಹಿಡಿದುಕೊಂಡು ಶುರು ಮಾಡಿದರು. ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಎರಡನೇ ವಾರಕ್ಕೆ ಸೋಫಾ ಬಿಟ್ಟರು. ಮಗು ಏಳಬಾರದು ಅಂತ ಸದ್ದು ಪೂರ್ತಿ ಇಳಿಸಿ, ಹಾಡೇ ಇಲ್ಲದೆ ಹೆಜ್ಜೆ ಹಾಕುತ್ತಿದ್ದರು. ಕೊನೆಯಲ್ಲಿ ಒಬ್ಬೊಬ್ಬರೇ ಕುಣಿಯುತ್ತಾ ಮುಂದೆ ಬರುತ್ತಾರೆ, ಎಷ್ಟು ಪೌಂಡ್ ಇಳಿಸಿದ್ದಾರೆ ಅಂತ ತೆರೆ ಮೇಲೆ ಕಾಣುತ್ತದೆ. ಆಗ ಅಮ್ಮ ನನ್ನನ್ನು ಕರೆಯುತ್ತಿದ್ದರು, ಕೆಜಿ ಲೆಕ್ಕದಲ್ಲಿ ಹೇಳು ಅಂತ. "ಅರ್ಧ ಮೂಟೆ ಅಕ್ಕಿಯಷ್ಟು ಇಳಿಸಿದ್ದಾಳಲ್ಲೇ!"

ಆ ಮಗು ಈಗ ದೊಡ್ಡವನು. ಮೊನ್ನೆ ಹಳೆಯ ಟಾಕ್ ಶೋ ತುಣುಕು ನೋಡಿ "ಅಜ್ಜಿಯ ಮೇಷ್ಟ್ರು ಜೋಕರ್ ಅಲ್ವಾ?" ಅಂದ. ನನಗೆ ತುಂಬಾ ಬೇಜಾರಾಯಿತು. ಆದರೆ ಏನು ಹೇಳಬೇಕು ಅಂತ ತಿಳಿಯಲಿಲ್ಲ. ಅವರು ನಿಜವಾಗಿ ಕೆಲಸ ಗೊತ್ತಿದ್ದವರಾ? 2014ರ ಮೇಲೆ ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ?

ಹಾಸನದ_ಹುಡುಗ_ಎಲ್ಎ:

ಮೇಡಂ, ನಿಮ್ಮ ಮಗನಿಗೆ ಅವರ ಮೊದಲಿನ ಕಥೆ ಹೇಳಿ. ಹುಟ್ಟಿದ್ದು 1948ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಹುಡುಗನಾಗಿದ್ದಾಗ ಅಲ್ಲಿನ ಬೀದಿಯಲ್ಲಿ ಪ್ರಲೀನ್ ಅನ್ನುವ ಸಕ್ಕರೆ ಮಿಠಾಯಿ ಮಾರುತ್ತಿದ್ದರು. ಹೈಸ್ಕೂಲ್ ಮುಗಿಸುವ ಹೊತ್ತಿಗೆ ತೂಕ 268 ಪೌಂಡ್, ಅಂದರೆ 121 ಕೆಜಿ. ಇಳಿಸೋಕೆ ಉಪವಾಸ, ಭೇದಿ ಮಾತ್ರೆ, ಮಾಡಬಾರದ್ದೆಲ್ಲ ಮಾಡಿದೆ ಅಂತ ಅವರೇ ಬಾಯಿ ಬಿಟ್ಟು ಹೇಳಿಕೊಂಡಿದ್ದಾರೆ.

ಲಾಸ್ ಏಂಜಲೀಸ್‌ಗೆ ಬಂದಾಗ ಇಲ್ಲಿನ ಜಿಮ್‌ಗಳು ಆಗಲೇ ಗಟ್ಟಿಮುಟ್ಟಾಗಿ ಇದ್ದವರಿಗೆ ಮಾತ್ರ. ಅದಕ್ಕೇ 1974ರಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ತಮ್ಮದೇ ವ್ಯಾಯಾಮದ ಜಾಗ ಮಾಡಿದರು. ಮುಂದೆ ಅದೇ ಸ್ಲಿಮನ್ಸ್ ಆಯಿತು. ಟಿವಿಯಲ್ಲಿ ದಿ ರಿಚರ್ಡ್ ಸಿಮನ್ಸ್ ಶೋ 1980ರಿಂದ 1984ರ ತನಕ ನಡೆಯಿತು, ಎಮ್ಮಿ ಪ್ರಶಸ್ತಿಯೂ ಬಂತು. ನಿಮ್ಮಮ್ಮ ನೋಡಿದ ಕ್ಯಾಸೆಟ್ 1988ರದ್ದು. ಇಷ್ಟೆಲ್ಲ ಹೆಸರು ಬಂದ ಮೇಲೂ ಸ್ಲಿಮನ್ಸ್‌ನಲ್ಲಿ ತಾವೇ ನಿಂತು ಕ್ಲಾಸ್ ತೆಗೆದುಕೊಳ್ಳುತ್ತಿದ್ದರು. ಪತ್ರ ಬರೆದ ಅಪರಿಚಿತರಿಗೆ ಖುದ್ದು ಫೋನ್ ಮಾಡುತ್ತಿದ್ದರು. ಮನೆಯಿಂದ ಹೊರಗೆ ಬರೋಕೇ ನಾಚುವ ದಪ್ಪದ ಹೆಂಗಸರ ಜೊತೆ ಮಾತಾಡುತ್ತಾ ಅತ್ತುಬಿಡುತ್ತಿದ್ದರು. ಇದನ್ನು ಸುಮ್ನೆ ಟಿವಿಗೋಸ್ಕರ ಯಾರೂ ವರ್ಷಗಟ್ಟಲೆ ಮಾಡೋದಿಲ್ಲ.

ಬಸವನಗುಡಿ_ಟ್ರೈನರ್:

ನಾನು ಈ ಕೆಲಸದಲ್ಲೇ ಇರುವವನು. ಹೊಸದಾಗಿ ಜಿಮ್‌ಗೆ ಬರುವ ದಪ್ಪದವರು ಎಲ್ಲಿ ನಿಲ್ಲುತ್ತಾರೆ ಗೊತ್ತಾ? ಕೊನೇ ಸಾಲಲ್ಲಿ, ಕನ್ನಡಿ ಕಾಣದ ಕಡೆ. ಮೂರನೇ ದಿನ ಬರೋದೇ ಇಲ್ಲ. ಸಿಮನ್ಸ್ ಅಂಥವರನ್ನೇ ಕರೆದು ಕ್ಯಾಮೆರಾ ಮುಂದೆ ನಿಲ್ಲಿಸಿದರು. ಹೆಜ್ಜೆಗಳೂ ಸುಲಭ, ಜಾಸ್ತಿ ನೆಗೆತ ಇಲ್ಲ. ನಿಮ್ಮಮ್ಮನ ವಯಸ್ಸಿನವರೂ ಮಾಡಬಹುದು.

ಅವರ ಡೀಲ್ ಎ ಮೀಲ್ ಪದ್ಧತಿಯಲ್ಲಿ ತಿಂದ ಹಾಗೆಲ್ಲ ಒಂದೊಂದು ಕಾರ್ಡನ್ನು ಪರ್ಸಿನ ಈ ಕಡೆಯಿಂದ ಆ ಕಡೆಗೆ ಹಾಕಬೇಕು. ಕಾರ್ಡ್ ಮುಗಿದರೆ ಆ ದಿನದ ಊಟ ಮುಗಿಯಿತು. ಕ್ಯಾಲರಿ ಲೆಕ್ಕ ಬರೆಯೋಕೆ ಬೇಸರಪಡುವವರಿಗೆ ಇದು ಒಳ್ಳೆಯ ಉಪಾಯ ಅಂತ ಈಗಲೂ ನನಗೆ ಅನ್ನಿಸುತ್ತದೆ.

ಮಲೆನಾಡಿನವಳು:

ನೀವಿಬ್ಬರು ಹೇಳಿದ್ದು ನಿಜ. ಆದರೆ ಆ ಹುಡುಗ ಕೇಳಿದ್ದರಲ್ಲೂ ಹುರುಳಿದೆ ಅಕ್ಕ. ಆ ವೇಷ, ಆ ಕಿರುಚಾಟ ಅವರೇ ಆರಿಸಿಕೊಂಡದ್ದು. ಹಾಸ್ಯಗಾರ ಡೇವಿಡ್ ಲೆಟರ್‌ಮನ್ ಅವರ ರಾತ್ರಿ ಟಾಕ್ ಶೋಗೆ ಮತ್ತೆ ಮತ್ತೆ ಹೋದರು. ಜನ ನಗಲಿ, ನಕ್ಕಾದರೂ ನನ್ನ ಮಾತು ಕೇಳಲಿ ಅನ್ನುವ ಹಾಗೆ. 2000ರಲ್ಲಿ ಅಲ್ಲಿ ತಮಾಷೆಗೆ ಅವರ ಮೇಲೆ ಬೆಂಕಿ ಆರಿಸುವ ಸಿಲಿಂಡರ್‌ನಿಂದ ಸಿಂಪಡಿಸಿದರು. ಉಸಿರು ಕಟ್ಟಿತು. ಆಮೇಲೆ ಎಷ್ಟೋ ವರ್ಷ ಆ ಶೋ ಕಡೆ ಹೋಗಲೇ ಇಲ್ಲ. ನಗಿಸುವವನಿಗೆ ನೋವಾಗೋದಿಲ್ಲ ಅಂದುಕೊಂಡಿದ್ದರು ಅಷ್ಟೇ.

ಅದೇ ಮನುಷ್ಯ 2008ರಲ್ಲಿ ಕೋಟು ಹಾಕಿಕೊಂಡು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತರು. ಶಾಲೆಗಳಲ್ಲಿ ಮಕ್ಕಳಿಗೆ ಆಟದ ಪೀರಿಯಡ್ ಬೇಕೇ ಬೇಕು ಅಂತ ಗಂಟಲು ಕಟ್ಟಿ ಮಾತಾಡಿದರು. ನಿಮ್ಮ ಮಗನಿಗೆ ಅದನ್ನು ತೋರಿಸಿ.

2014ರ ವಿಷಯ: ಯಾರೋ ಮನೆಯಲ್ಲಿ ಕೂಡಿ ಹಾಕಿದ್ದಾರೆ ಅಂತ ಗುಲ್ಲೆದ್ದಿತ್ತು. 2016ರಲ್ಲಿ ಅವರೇ ಟಿವಿಗೆ ಫೋನ್ ಮಾಡಿ ಅದೆಲ್ಲ ಸುಳ್ಳು ಅಂದರು. ಮರುವರ್ಷ ಪೊಲೀಸರೂ ಮನೆಗೆ ಹೋಗಿ ಮಾತಾಡಿಸಿ, ಚೆನ್ನಾಗಿದ್ದಾರೆ ಅಂದರು. ನಲವತ್ತು ವರ್ಷ ಊರಿನವರ ದುಃಖವನ್ನೆಲ್ಲ ಕೇಳಿದವರು ಬಾಗಿಲು ಹಾಕಿಕೊಂಡರೆ ಅದು ಅವರ ಹಕ್ಕು. 2024ರ ಜುಲೈ 13ರಂದು ಮನೆಯಲ್ಲೇ ಹೋದರು. ಹಿಂದಿನ ದಿನವಷ್ಟೇ 76 ತುಂಬಿತ್ತು.

ತುಮಕೂರು_ಜೆರ್ಸಿ:

ಎಲ್ಲರಿಗೂ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ. ಸಂಸತ್ತಿನ ವಿಡಿಯೋ ಇಬ್ಬರೂ ಕೂತು ನೋಡಿದೆವು. ಅವನು ಏನೂ ಮಾತಾಡಲಿಲ್ಲ, ಪೂರ್ತಿ ನೋಡಿದ.

ನಿನ್ನೆ ಅಮ್ಮನಿಗೆ ಫೋನ್ ಮಾಡಿ ಅವರು ತೀರಿಹೋದ ವಿಷಯವನ್ನೂ ಹೇಳಿದೆ. "ಕೊನೆಗಾಲಕ್ಕೆ ಹತ್ತಿರ ಯಾರಿದ್ದರು?" ಅಂತ ಕೇಳಿದರು. ಮನೆಗೆಲಸದಾಕೆ ಬಹಳ ವರ್ಷದಿಂದ ಜೊತೆಗಿದ್ದರಂತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ ಒಂದು ವಿಷಯ ಹೇಳಿದರು, ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಆ ಕ್ಯಾಸೆಟ್ಟನ್ನು ಎದುರು ಮನೆ ಅಜ್ಜಿ ನೀವೇ ಇಟ್ಟುಕೊಳ್ಳಿ ಅಂದಿದ್ದರು, ಅಮ್ಮ ಊರಿಗೆ ಒಯ್ದಿದ್ದರು. ಅಮೆರಿಕದ ಕ್ಯಾಸೆಟ್ ಅಲ್ವಾ, ತುಮಕೂರಿನ ವಿಸಿಆರ್‌ನಲ್ಲಿ ಬರೀ ಗೆರೆ ಗೆರೆ, ಬಣ್ಣವೂ ಇಲ್ಲ. "ಅದಕ್ಕೇನಂತೆ, ಹೆಜ್ಜೆ ನೆನಪಿತ್ತಲ್ಲ" ಅಂದರು. ಮಂಡಿ ನೋವು ಶುರುವಾಗುವ ತನಕ, ನಡುಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರಂತೆ.