ಹಳೆಯ ಡಿವಿಡಿ, ಹೊಸ 4ಕೆ ಪರದೆ: ಅಪ್‌ಸ್ಕೇಲಿಂಗ್‌ನಿಂದ ಚಿತ್ರ ನಿಜಕ್ಕೂ ಸುಧಾರಿಸುತ್ತದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ಸಮಾರಂಭಗಳ ಹಳೆಯ ವಿಡಿಯೊಗಳು ನನ್ನ ಬಳಿ ಡಿವಿಡಿಯಲ್ಲಿವೆ. ಹಿಂದಿನ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಇವು ಕಣ್ಣಿಗೆ ಹಿತವಾಗಿಯೇ ಕಾಣುತ್ತಿದ್ದವು. ಈಗ 55 ಇಂಚಿನ 4ಕೆ ಟಿವಿಯಲ್ಲಿ ಹಾಕಿದರೆ ಮುಖಗಳೆಲ್ಲ ಮಸುಕು. ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಏಳುತ್ತವೆ. ಪ್ಲೇಯರ್‌ನಲ್ಲಿ 1080ಪಿ ಅಪ್‌ಸ್ಕೇಲಿಂಗ್, ಅಂದರೆ ಚಿತ್ರವನ್ನು 1080 ಸಾಲುಗಳಿಗೆ ಹಿಗ್ಗಿಸುವ ಆಯ್ಕೆಯಿದೆ, ಟಿವಿಯೂ ತಾನಾಗಿಯೇ ಆ ಕೆಲಸ ಮಾಡುತ್ತದೆ. ಎರಡರಲ್ಲಿ ಯಾವುದಕ್ಕೆ ಬಿಡುವುದು ಒಳ್ಳೆಯದು? ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಮ್ಮೆಲೇ 4ಕೆಗೆ ಪರಿವರ್ತಿಸಿಟ್ಟುಕೊಂಡು ಡಿಸ್ಕ್‌ಗಳನ್ನು ವಿಲೇವಾರಿ ಮಾಡಬಹುದೇ?

ಉತ್ತರ 1

ಮೊದಲು ಲೆಕ್ಕವನ್ನು ನೋಡೋಣ. ಪಾಲ್ (ನಮ್ಮಲ್ಲಿ ಬಳಕೆಯಲ್ಲಿದ್ದ ಟಿವಿ ಮಾನಕ) ಮಾದರಿಯ ಡಿವಿಡಿಯ ಒಂದು ಚೌಕಟ್ಟಿನಲ್ಲಿ 720×576, ಅಂದರೆ 4,14,720 ಪಿಕ್ಸೆಲ್‌ಗಳಿರುತ್ತವೆ. ನಿಮ್ಮ ಪರದೆಯಲ್ಲಿರುವುದು 3840×2160, ಅಂದರೆ 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಇಷ್ಟು ದೊಡ್ಡ ಅಂತರವನ್ನು ಟಿವಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಬಣ್ಣವನ್ನು ನೋಡಿ ಅಂದಾಜಿನಿಂದ ತುಂಬಬೇಕು. ಬೈಲಿನಿಯರ್ ವಿಧಾನ ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳನ್ನು ಗಮನಿಸುತ್ತದೆ, ಬೈಕ್ಯೂಬಿಕ್ ಹದಿನಾರನ್ನು. ಲ್ಯಾಂಕ್ಜೋಸ್ ಇನ್ನೂ ಚುರುಕಾದ ಅಂಚುಗಳನ್ನು ಕೊಡುತ್ತದೆಯಾದರೂ ಆ ಅಂಚಿನ ಪಕ್ಕದಲ್ಲೇ ತೆಳುವಾದ ಬಿಳಿ ಅಥವಾ ಕಪ್ಪು ನೆರಳನ್ನು ಮೂಡಿಸುತ್ತದೆ. ಇವುಗಳಲ್ಲಿ ಯಾವುದೂ ಕ್ಯಾಮೆರಾ ಸೆರೆಹಿಡಿಯದ ವಿವರವನ್ನು ಹುಡುಕಿ ತರಲಾರದು.

ನನ್ನ ಅಭಿಪ್ರಾಯದಲ್ಲಿ, ಮಸುಕಿಗಿಂತ ಹೆಚ್ಚು ಕಣ್ಣು ಕುಕ್ಕುವುದು ಸಂಕುಚನದ, ಅಂದರೆ ಕಡತದ ಗಾತ್ರವನ್ನು ಕುಗ್ಗಿಸಿದ್ದರ ಗುರುತುಗಳು. ಡಿವಿಡಿ ಬಳಸುವ ಎಂಪೆಗ್-2 ಎಂಬ ಸಂಕುಚನ ವಿಧಾನವು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸಂಕುಚಿಸುತ್ತದೆ. ನಿಮ್ಮ ಪರದೆಯ ಮೇಲೆ ಅಂಥ ಒಂದು ಚೌಕ 30 ಸಾಲುಗಳಷ್ಟು, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಮಂದ ಬೆಳಕಿನ ಗೋಡೆಯಿರುವ ದೃಶ್ಯವನ್ನು ನಿಲ್ಲಿಸಿ ಹತ್ತಿರದಿಂದ ನೋಡಿದರೆ ಈ ಚೌಕಗಳನ್ನು ಬೆರಳಿಟ್ಟು ತೋರಿಸಬಹುದು. ಹಳೆಯ ಟಿವಿಯ ಪರದೆ ಚಿಕ್ಕದಾಗಿತ್ತು, ಅದರ ಎಲೆಕ್ಟ್ರಾನ್ ಕಿರಣ ಮೂಡಿಸುವ ಚುಕ್ಕೆಯ ಅಂಚು ಮೃದುವಾಗಿತ್ತು. ಹಾಗಾಗಿ ಅದೇ ದೋಷಗಳು ಅಲ್ಲಿ ಮುಚ್ಚಿಹೋಗುತ್ತಿದ್ದವು.

ಟಿವಿಯ ಶಾರ್ಪ್‌ನೆಸ್ ಅನ್ನು ತಗ್ಗಿಸಿ. ಹೆಚ್ಚಿನ ಟಿವಿಗಳಲ್ಲಿ ಅದು ಹೊಸ ವಿವರವನ್ನೇನೂ ಕೊಡದೆ ಅಂಚುಗಳನ್ನೂ ಚೌಕಗಳನ್ನೂ ಗಾಢಗೊಳಿಸುತ್ತದೆ. ವಿಡಿಯೊ 4:3 ಅನುಪಾತದಲ್ಲಿದ್ದರೆ ಎಡಬಲದ ಕಪ್ಪು ಪಟ್ಟಿಗಳನ್ನು ಹಾಗೆಯೇ ಇರಗೊಡಿ. ಪರದೆ ತುಂಬಲೆಂದು ಎಳೆದರೆ ಮುಖಗಳು ಅಗಲವಾಗುತ್ತವೆ.

ಉತ್ತರ 2

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ, ಆದರೆ ಅಡ್ಡಗೆರೆಗಳ ಮೂಲ ಬೇರೆ. ಪಾಲ್ ಕ್ಯಾಮೆರಾ ಸೆಕೆಂಡಿಗೆ 50 ಅರೆಚಿತ್ರಗಳನ್ನು ಹಿಡಿಯುತ್ತದೆ: ಒಂದರಲ್ಲಿ ಬೆಸ ಸಾಲುಗಳು, ಮುಂದಿನದರಲ್ಲಿ ಸಮ ಸಾಲುಗಳು. ಸೆಕೆಂಡಿನ ಐವತ್ತನೆಯ ಒಂದು ಭಾಗದಲ್ಲಿ ಬೀಸುವ ಕೈ ಸ್ವಲ್ಪ ಮುಂದೆ ಸರಿದಿರುತ್ತದೆ. ಎರಡನ್ನೂ ಸುಮ್ಮನೆ ಹೆಣೆದುಬಿಟ್ಟರೆ ನೀವು ಹೇಳಿದ ಹಲ್ಲುಗಳು ಮೂಡುತ್ತವೆ. ಹೀಗೆ ಹೆಣೆದ ಅರೆಚಿತ್ರಗಳ ಬಿಡಿಸುವಿಕೆ, ಅಂದರೆ ಡಿಇಂಟರ್‌ಲೇಸಿಂಗ್, ಅಪ್‌ಸ್ಕೇಲಿಂಗ್‌ಗಿಂತ ಮೊದಲೇ ನಡೆಯಬೇಕು. ಹೆಣೆದ ಚಿತ್ರವನ್ನೇ ಹಿಗ್ಗಿಸಿದರೆ ಹಲ್ಲುಗಳು ಚಿತ್ರದ ಭಾಗವೇ ಆಗಿಬಿಡುತ್ತವೆ, ಆಮೇಲೆ ಅವುಗಳನ್ನು ತೆಗೆಯುವುದು ಬಹಳ ಕಷ್ಟ.

ಪ್ಲೇಯರ್‌ನ ಎಚ್‌ಡಿಎಂಐ ಔಟ್‌ಪುಟ್ ಅನ್ನು 576ಐ ಗೆ (ಡಿಸ್ಕಿನಲ್ಲಿರುವಂತೆಯೇ 576 ಸಾಲುಗಳ ಅರೆಚಿತ್ರಗಳ ರೂಪಕ್ಕೆ) ಇಟ್ಟರೆ ಎರಡೂ ಕೆಲಸಗಳು ಟಿವಿಯ ಪಾಲಿಗೆ ಬರುತ್ತವೆ. 1080ಪಿ ಗೆ ಇಟ್ಟರೆ ಬಿಡಿಸುವಿಕೆ ಮತ್ತು ಮೊದಲ ಹಿಗ್ಗಿಸುವಿಕೆ ಪ್ಲೇಯರ್‌ನಲ್ಲಿ ಮುಗಿದು, ಅಲ್ಲಿ ಮೂಡಿದ ದೋಷಗಳ ಸಮೇತ ಟಿವಿ ಅದನ್ನು ಅಗಲ, ಎತ್ತರ ಎರಡರಲ್ಲೂ ಮತ್ತೆ ಎರಡು ಪಟ್ಟು ಹಿಗ್ಗಿಸುತ್ತದೆ. ಕೈ ಬೀಸುವ ಅದೇ ದೃಶ್ಯವನ್ನು ಎರಡೂ ರೀತಿಯಲ್ಲಿ ಹಾಕಿ ಹೋಲಿಸಿ ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 576ಐ ಗೆ ಬದಲಿಸಿದ ಮೇಲೆ ಹಲ್ಲುಗಳು ಕಾಣುತ್ತಿಲ್ಲ, ಶಾರ್ಪ್‌ನೆಸ್ ತಗ್ಗಿಸಿದ್ದರಿಂದ ಮುಖಗಳೂ ಸಹಜವಾಗಿವೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಕಳೆದುಹೋದ ವಿವರವನ್ನು ಮರಳಿಸುತ್ತವೆ ಎಂಬ ಮಾತಿನಲ್ಲಿ ಎಷ್ಟು ಹುರುಳಿದೆ?

ಉತ್ತರ 3

ಮರಳಿಸುವುದಿಲ್ಲ, ಹೊಸದಾಗಿ ರಚಿಸುತ್ತವೆ. ಕಡಿಮೆ ಮತ್ತು ಹೆಚ್ಚು ರೆಸಲ್ಯೂಷನ್‌ನ ಅಸಂಖ್ಯ ಚಿತ್ರಜೋಡಿಗಳಿಂದ ಕಲಿತ ತಂತ್ರಾಂಶವು ಇಂಥ ಮಸುಕಿನ ಜಾಗದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂದು ಊಹಿಸಿ ತುಂಬುತ್ತದೆ. ಎಲೆಗಳು, ಇಟ್ಟಿಗೆ, ಬಟ್ಟೆಯ ನೇಯ್ಗೆ ಇಂಥವುಗಳಲ್ಲಿ ಫಲಿತಾಂಶ ಬಹಳ ಚೆನ್ನಾಗಿರಬಹುದು. ಆದರೆ ಹಿಂದಿನ ಸಾಲಿನಲ್ಲಿ ನಿಂತ, ಹದಿನೈದಿಪ್ಪತ್ತು ಪಿಕ್ಸೆಲ್‌ಗಳಷ್ಟೇ ಅಗಲವಿರುವ ಮುಖಕ್ಕೆ ಅದು ಜೋಡಿಸುವ ಕಣ್ಣು, ಮೂಗು ನಿಮ್ಮ ಬಂಧುವಿನದಾಗಿರಬೇಕೆಂದಿಲ್ಲ. ಫಲಕದ ಮೇಲಿನ ಸಣ್ಣ ಅಕ್ಷರಗಳು ಯಾವ ಲಿಪಿಗೂ ಸೇರದ ಆಕೃತಿಗಳಾಗಬಹುದು. ಮನೆಯವರ ಚಹರೆಯೇ ಮುಖ್ಯವಾದ ವಿಡಿಯೊದಲ್ಲಿ ನಾನು ಇದನ್ನು ಒಪ್ಪಲಾರೆ.

ಡಿಸ್ಕ್‌ಗಳನ್ನು ದಯವಿಟ್ಟು ಎಸೆಯಬೇಡಿ. ಅವುಗಳಲ್ಲಿರುವ ಎಂಪೆಗ್-2 ಕಡತಗಳನ್ನು ಮರುಸಂಕುಚನ ಮಾಡದೆ ಇದ್ದಂತೆಯೇ ನಕಲಿಸಿ, ಎರಡು ಕಡೆ ಇಡಿ. 4ಕೆ ಪ್ರತಿ ಬೇಕಿದ್ದರೆ ಪ್ರತ್ಯೇಕವಾಗಿ ಮಾಡಿಕೊಳ್ಳಿ, ಮುಂದೆ ಉತ್ತಮ ವಿಧಾನ ಬಂದಾಗ ಮೂಲದಿಂದಲೇ ಮತ್ತೆ ಮಾಡಬಹುದು. ಇನ್ನೊಂದು ವಿಷಯ: ಈ ಡಿವಿಡಿಗಳು ಕ್ಯಾಮೆರಾದ ಟೇಪಿನಿಂದ ಮಾಡಿದ ನಕಲುಗಳಾಗಿದ್ದು, ಆ ಟೇಪುಗಳು ಇನ್ನೂ ಉಳಿದಿದ್ದರೆ, ಮೊದಲು ಅವುಗಳನ್ನು ಹೊಸದಾಗಿ ಡಿಜಿಟಲ್‌ಗೆ ಇಳಿಸಿಕೊಳ್ಳಿ. ಮೇಲೆ ಹೇಳಿದ ಎಂಪೆಗ್-2 ಚೌಕಗಳು ಆ ಟೇಪುಗಳಲ್ಲಿ ಇರುವುದಿಲ್ಲ.