ದಿನವಿಡೀ ನಿಂತು ಕೆಲಸ, ಕಾಲಿನ ನರ ಉಬ್ಬಿದೆ: ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರು ಉಡುಪಿಯ ಹೋಟೆಲಿನಲ್ಲಿ ದೋಸೆ ಮಾಡುವವರು, ವಯಸ್ಸು 46. ಬೆಳಿಗ್ಗೆ ಐದಕ್ಕೆ ಕಾವಲಿ ಮುಂದೆ ನಿಂತರೆ ಹನ್ನೊಂದರವರೆಗೆ ಕೂರುವುದೇ ಇಲ್ಲ. ಎಡಗಾಲಿನ ಮೀನಖಂಡದಲ್ಲಿ ನರ ಸುರುಳಿ ಸುತ್ತಿಕೊಂಡು ಉಬ್ಬಿದೆ. ಸಂಜೆ ಪಾದ ಊದುತ್ತದೆ. ಈಗ ಪಾದದ ಗಂಟಿನ ಒಳಬದಿ ಚರ್ಮ ಕಪ್ಪಾಗಿ ತುರಿಸುತ್ತಿದೆ. ರಾತ್ರಿ ಬಿಸಿನೀರಲ್ಲಿ ಕಾಲಿಟ್ಟು, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುತ್ತೇವೆ. ಸಾಕಾ? ಆಪರೇಷನ್ ಬೇಕಾಗುತ್ತದಾ?

ಉತ್ತರ: ಅಮ್ಮಾ, ನೀವು ನರ ಎನ್ನುವುದು ನಿಜವಾಗಿ ರಕ್ತನಾಳ; ಅದು ಹೀಗೆ ಉಬ್ಬುವುದಕ್ಕೆ ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಉಬ್ಬಿದ ನರಕ್ಕಿಂತ ಆ ಕಪ್ಪಾದ ಚರ್ಮವೇ ನನಗೆ ಹೆಚ್ಚು ಚಿಂತೆ. ರಕ್ತ ಕೆಳಗೇ ನಿಂತು, ಒತ್ತಡಕ್ಕೆ ಹೊರಗೆ ಜಿನುಗಿ ಬಣ್ಣ ತಿರುಗಿದೆ. ಹೀಗೇ ಬಿಟ್ಟರೆ ಅಲ್ಲಿ ಹುಣ್ಣಾಗಬಹುದು. ಆ ಹುಣ್ಣು ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ವಾರವೇ ಸರ್ಜನ್ ಹತ್ತಿರ ತೋರಿಸಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಕಾಲಿನ ರಕ್ತ ಮೇಲಕ್ಕೆ ಹತ್ತಬೇಕಾದರೆ ಮೀನಖಂಡ ಹಿಂಡಬೇಕು. ಹತ್ತಿದ್ದು ಕೆಳಗೆ ಜಾರದಂತೆ ತಡೆಯಲು ರಕ್ತನಾಳದೊಳಗೆ ಸಣ್ಣ ಕವಾಟಗಳಿವೆ. ಅಲುಗಾಡದೆ ನಿಂತರೆ ಪಾದದ ಹತ್ತಿರ ಈ ರಕ್ತನಾಳದೊಳಗಿನ ಒತ್ತಡ 90 ಮಿ.ಮೀ. (ಪಾದರಸದ ಅಳತೆ) ಆಸುಪಾಸು ಇರುತ್ತದೆ. ಕವಾಟ ಸರಿಯಿದ್ದವರಿಗೆ ನಾಲ್ಕು ಹೆಜ್ಜೆ ನಡೆದರೆ 30ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ನಿಲ್ಲುವುದಕ್ಕಿಂತ ಅಲುಗಾಡದೆ ನಿಲ್ಲುವುದೇ ಜಾಸ್ತಿ ಕೆಟ್ಟದ್ದು. ದೋಸೆ ಹುಯ್ದು ಬೇಯಲು ಕಾಯುವ ಹೊತ್ತಿನಲ್ಲಿ ಹಿಮ್ಮಡಿ ಎತ್ತಿ ಇಳಿಸಲಿ, ಪ್ರತಿ ದೋಸೆಗೂ ನಾಲ್ಕೈದು ಸಲ. ಇದಕ್ಕೆ ಯಾರ ಅನುಮತಿಯೂ ಬೇಡ ಅಲ್ವಾ?

ಬಿಸಿನೀರು ನಿಲ್ಲಿಸಿ. ಬಿಸಿಗೆ ರಕ್ತನಾಳ ಇನ್ನೂ ಹಿಗ್ಗುತ್ತದೆ, ಕಾವಲಿಯ ಕಾವೇ ಸಾಕಷ್ಟಾಗಿದೆ. ಜೋರಾಗಿ ತಿಕ್ಕುವುದೂ ಬೇಡ. ತೆಂಗಿನೆಣ್ಣೆ ಮೆಲ್ಲಗೆ ಸವರಿ, ಒಣಗಿದ ಚರ್ಮಕ್ಕೆ ಒಳ್ಳೆಯದು. ಮನೆಗೆ ಬಂದ ಮೇಲೆ ಕಾಲು ಎದೆಗಿಂತ ಎತ್ತರದಲ್ಲಿಟ್ಟು ಅರ್ಧ ಗಂಟೆ ಮಲಗಲಿ.

ಆಪರೇಷನ್ ಮಾತು ಸ್ಕ್ಯಾನ್ ನೋಡಿದ ಮೇಲೆ. ಈಗ ಲೇಸರ್ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಅದೇ ದಿನ ನಡೆದಾಡಬಹುದು. ಕ್ರೀಮ್ ಹಚ್ಚಿ ಕವಾಟ ಸರಿಯಾಗುವುದಿಲ್ಲ, ಸುಮ್ನೆ ದುಡ್ಡು ಹಾಳು.

ಇನ್ನೊಬ್ಬರ ಪ್ರಶ್ನೆ: ಹಂಪನಕಟ್ಟೆಯಲ್ಲಿ ಜವಳಿ ಅಂಗಡಿ ಕೆಲಸ ನನ್ನದು. ಕಾಲು ಊದದಂತೆ ಬಿಗಿ ಸಾಕ್ಸ್ ತಗೊಂಡೆ. ಮಂಗಳೂರಿನ ಸೆಕೆಗೆ ಹಾಕಲಿಕ್ಕೇ ಆಗುವುದಿಲ್ಲ. ಮಧ್ಯಾಹ್ನ ಮೇಲೆ ಹಾಕಿದರೆ ಸಾಕಾ? ಅಂಗಡಿಯಲ್ಲಿ ಕೂರಲೂ ಬಿಡುವುದಿಲ್ಲ.

ಉತ್ತರ: ಬೆಳಿಗ್ಗೆ ಎದ್ದ ಕೂಡಲೇ ಹಾಕಿ ತಂಗೀ, ಊದುವ ಮೊದಲು. ಮೊಣಕಾಲಿನ ಕೆಳಗೆ ನಿಲ್ಲುವ, ಬೆರಳು ತೆರೆದಿರುವ ಸಾಕ್ಸ್ ಸಿಗುತ್ತದೆ, ಸೆಕೆಗೆ ಅದೇ ವಾಸಿ. ಮೇಲಿನ ಅಂಚು ಮಡಚಬೇಡಿ, ಅಲ್ಲೇ ಕಟ್ಟು ಬಿಗಿದ ಹಾಗಾಗುತ್ತದೆ. ಇನ್ನು ಕೂರುವ ಮಾತು: ಪಕ್ಕದ ಕೇರಳದಲ್ಲಿ 2018ರಲ್ಲೇ ಅಂಗಡಿ ಕೆಲಸದವರಿಗೆ ಕೂರಲು ಜಾಗ ಕೊಡಬೇಕೆಂದು ಕಾನೂನು ತಿದ್ದಿದರು. ಗಿರಾಕಿ ಇಲ್ಲದಾಗ ಸ್ಟೂಲ್ ಬೇಕೆಂದು ಎಲ್ಲರೂ ಸೇರಿ ಧನಿಗಳಲ್ಲಿ ಕೇಳಿ. ಇದು ದೊಡ್ಡ ಬೇಡಿಕೆಯಲ್ಲ.

ಮೊದಲಿನವರ ಇನ್ನೊಂದು ಪ್ರಶ್ನೆ: ನಮ್ಮ ಯಜಮಾನರೂ ಸಾಕ್ಸ್ ಹಾಕಬಹುದಾ? ಬೀಡಿ ಸೇದುತ್ತಾರೆ. ನರ ಒಡೆದರೆ ಏನು ಮಾಡುವುದು?

ಉತ್ತರ: ಬೀಡಿ, ಶುಗರ್ ಇದ್ದವರು ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ಡಾಕ್ಟರಿಗೆ ತೋರಿಸದೆ ಬಿಗಿ ಸಾಕ್ಸ್ ಹಾಕಲೇಬಾರದು. ನರ ಒಡೆದರೆ ಕೂಡಲೇ ಮಲಗಿಸಿ, ಕಾಲು ಮೇಲೆತ್ತಿ, ಶುದ್ಧ ಬಟ್ಟೆಯಿಂದ ಅದೇ ಜಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮೇಲೆ ಹಗ್ಗ ಕಟ್ಟಬೇಡಿ. ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಂದೇ ಕಾಲು ದಿಢೀರನೆ ಊದಿ ನೋವು ಬಂದರೂ ಅಷ್ಟೇ, ಮರುದಿನಕ್ಕೆ ಕಾಯಬೇಡಿ.